ಕೋಟೆ ಎಲ್ಲಿ ಬೀಳುತ್ತದೆ?



ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ನೀವು ಒಂದು ಕೆರೆಯ ದಂಡೆಗೆ ಬರುತ್ತೀರಿ. ಅದರ ಪಕ್ಕದಲ್ಲೇ ಕೋಟೆ. ಸುತ್ತಲೂ ಗಟ್ಟಿ ನೆಲವನ್ನು ಕಡಿದು ಮಾಡಿದ ಅಗಲವಾದ ಕಂದಕ, ಅದರ ಹಿಂದೆ ದಪ್ಪ ಗೋಡೆ, ಒಳಗೆ ಕಮಲ ಬಸದಿ, ಸಫಾ ಮಸೀದಿ, ರಾಮಕೃಷ್ಣ ಆಶ್ರಮ. ಕೋಟೆಯ ಉದ್ದ ಸುಮಾರು 1000 ಗಜ, ಅಗಲ ಸುಮಾರು 700 ಗಜ. ಒಂದು ತುದಿಯಿಂದ ಇನ್ನೊಂದು ತುದಿಗೆ ನೀವು ಕಾಲು ಗಂಟೆಯಲ್ಲಿ ನಡೆದು ಹೋಗಬಹುದು.

ಈಗ ಇನ್ನೊಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಆಡುವ ಶೂಟರ್ ಆಟಗಳಲ್ಲಿ ನೂರು ಜನ ಆಟಗಾರರು ಒಂದು ದ್ವೀಪದ ಮೇಲೆ ಇಳಿಯುತ್ತಾರೆ. ಅಂಥ ಒಂದು ಪ್ರಸಿದ್ಧ ಆಟದ ನಕ್ಷೆ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಬೆಳಗಾವಿ ಕೋಟೆಯಂಥ ನೂರು ಕೋಟೆಗಳನ್ನು ಅದರೊಳಗೆ ಇಡಬಹುದು. ಆದರೂ ಅರ್ಧ ಗಂಟೆಯ ಹೊತ್ತಿಗೆ ಅಲ್ಲಿನ ಯುದ್ಧ ಮುಗಿದುಹೋಗುತ್ತದೆ. ಗೆದ್ದವರು, ಸೋತವರು ಎಲ್ಲರೂ ಮತ್ತೆ ಅದೇ ವಿಮಾನ ಹತ್ತುತ್ತಾರೆ. ನಿನ್ನೆಯ ಗೆಲುವು ಇಂದಿನ ಆಟಕ್ಕೆ ಏನನ್ನೂ ಕೊಡುವುದಿಲ್ಲ, ನಿನ್ನೆಯ ಸೋಲು ಏನನ್ನೂ ಕಿತ್ತುಕೊಳ್ಳುವುದಿಲ್ಲ.

ನಕ್ಷೆಯ ಲೆಕ್ಕದಲ್ಲಿ ದ್ವೀಪ ದೊಡ್ಡದು, ಕೋಟೆ ಚಿಕ್ಕದು. ಯುದ್ಧದ ಲೆಕ್ಕದಲ್ಲಿ ಹಾಗಲ್ಲ. ಈ ಚಿಕ್ಕ ಕೋಟೆಯ ಒಂದೊಂದು ಮುತ್ತಿಗೆಯ ಹಿಂದೆ ಗೋವೆಯ ಬಂದರು, ಬೀದರಿನ ದರ್ಬಾರು, ವಿಜಯನಗರದ ಸಿಂಹಾಸನ, ಪುಣೆಯ ಪೇಶ್ವೆ, ಮದರಾಸಿನ ಕಂಪನಿ ಸರ್ಕಾರ ಇವೆಲ್ಲವೂ ನಿಂತಿದ್ದವು. ಇಂದು ಆಟಗಳನ್ನು ರೂಪಿಸುವವರು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದೇ: ಸಾವಿರಾರು ಜನ ಒಟ್ಟಿಗೆ ಆಡುವ ಗುಂಡಿನ ಆಟಕ್ಕೆ ರಾಜ್ಯ, ಬೊಕ್ಕಸ, ಮೈತ್ರಿ, ದಾರಿ, ಋತು ಇವುಗಳ ಆಳವನ್ನು ತರುವುದು ಹೇಗೆ? ಇದನ್ನು ಗ್ರ್ಯಾಂಡ್ ಸ್ಟ್ರಾಟಜಿ ಎನ್ನುತ್ತಾರೆ. ನಾವು ಮಹಾವ್ಯೂಹ ಎಂದು ಕರೆಯೋಣ. ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಳಗಾವಿ ಮತ್ತು ಖಾನಾಪುರಕ್ಕಿಂತ ಒಳ್ಳೆಯ ಪಾಠಶಾಲೆ ನಮಗೆ ಬೇರೆ ಬೇಕಿಲ್ಲ.

ಏಳು ಅಂಗಗಳು

ಮೊದಲು ಒಂದು ಅಳತೆಗೋಲನ್ನು ಕೈಗೆ ತೆಗೆದುಕೊಳ್ಳೋಣ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಒಂದು ತಾಳೆಗರಿಯ ಪ್ರತಿಯನ್ನು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಗಿ ಹೊರಬಂದಿತು. ಹೆಸರಿನಿಂದ ಮಾತ್ರ ಗೊತ್ತಿದ್ದ ಗ್ರಂಥವೊಂದು ಹೀಗೆ ಮೈಸೂರಿನಿಂದ ಜಗತ್ತಿಗೆ ಮರಳಿ ದೊರೆಯಿತು.

ರಾಜ್ಯಕ್ಕೆ ಏಳು ಅಂಗಗಳು ಎಂದು ಆ ಗ್ರಂಥ ಹೇಳುತ್ತದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಎಂದರೆ ಒಡೆಯ, ಅಧಿಕಾರಿಗಳು, ನಾಡು ಮತ್ತು ಅದರ ಜನ, ಕೋಟೆ, ಬೊಕ್ಕಸ, ಸೈನ್ಯ, ಗೆಳೆಯ ರಾಜ್ಯಗಳು. ಈ ಅನುಕ್ರಮವನ್ನು ಗಮನಿಸಿ. ಸೈನ್ಯಕ್ಕೆ ಆರನೆಯ ಸ್ಥಾನ. ಕೋಟೆಗೂ ಮೊದಲು ಜನಪದ ಬರುತ್ತದೆ, ಸೈನ್ಯಕ್ಕೂ ಮೊದಲು ಬೊಕ್ಕಸ ಬರುತ್ತದೆ.

ನಿಮ್ಮ ಮೊಬೈಲಿನ ಆಟವನ್ನು ಈ ಕೋಲಿನಿಂದ ಅಳೆದು ನೋಡಿ. ಅದರಲ್ಲಿ ದಂಡ ಇದೆ, ಅಂದರೆ ಕೈಯಲ್ಲಿ ಬಂದೂಕು ಹಿಡಿದ ನೀವು. ಅಷ್ಟಿಷ್ಟು ದುರ್ಗವೂ ಇದೆ, ಅಂದರೆ ಅಡಗಿಕೊಳ್ಳಲು ಮನೆ, ಗೋಡೆ, ಬಂಡೆ. ಉಳಿದ ಐದು ಅಂಗಗಳು ಎಲ್ಲಿ? ನಾಡು ಇದೆ, ಆದರೆ ಅದರಲ್ಲಿ ಜನರಿಲ್ಲ. ಗುಂಡುಗಳು ಮನೆಗಳ ನೆಲದ ಮೇಲೆ ತಾವಾಗಿಯೇ ಬಿದ್ದಿರುತ್ತವೆ. ಅವುಗಳನ್ನು ಯಾರು ಮಾಡಿದರು, ಯಾರು ಹೊತ್ತು ತಂದರು ಎಂದು ಯಾರೂ ಕೇಳುವುದಿಲ್ಲ. ಮಹಾವ್ಯೂಹವನ್ನು ಆಟಕ್ಕೆ ತರುವುದೆಂದರೆ ಕಾಣೆಯಾದ ಈ ಐದು ಅಂಗಗಳನ್ನು ಹುಡುಕಿ ತರುವುದೇ ಆಗಿದೆ.

ಘಟ್ಟದ ಬಾಯಿಯ ಊರು

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಹದಿಮೂರನೆಯ ಶತಮಾನದ ಆರಂಭದಲ್ಲಿ ಇದನ್ನು ತಮ್ಮ ರಾಜಧಾನಿ ಮಾಡಿಕೊಂಡರು. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಅಧಿಕಾರಿ ಬೀಚಿರಾಜ 1204ರಲ್ಲಿ ಇಲ್ಲಿ ಬಸದಿಯನ್ನು ಕಟ್ಟಿಸಿದ. ಕೋಟೆಗೆ ಅಡಿಪಾಯ ಹಾಕಿದವನೂ ಅವನೇ ಎಂಬ ಪ್ರತೀತಿಯಿದೆ. ರಟ್ಟರ ನಂತರ ದೇವಗಿರಿಯ ಸೇವುಣರು, ಬಹಮನಿಗಳು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ಮರಾಠರು, ಕೊನೆಗೆ ಇಂಗ್ಲಿಷರು, ಹೀಗೆ ಒಬ್ಬರ ಬಳಿಕ ಒಬ್ಬರು ಇಲ್ಲಿಗೆ ಬಂದರು.

ಎಲ್ಲರಿಗೂ ಈ ಊರೇ ಏಕೆ ಬೇಕಾಗಿತ್ತು? ಉತ್ತರ ಕೋಟೆಯೊಳಗೆ ಇಲ್ಲ, ಖಾನಾಪುರ ತಾಲೂಕಿನಲ್ಲಿ ಇದೆ. ಅಲ್ಲಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ದೇಗಾವಿಯ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿದು ಮಾಂಡೋವಿ ಎಂಬ ಹೆಸರಿನಿಂದ ಗೋವೆಯ ಕಡಲನ್ನು ಸೇರುತ್ತದೆ. ಒಂದೇ ತಾಲೂಕಿನಲ್ಲಿ ನಾಡು ಎರಡು ಕಡಲುಗಳತ್ತ ಬಾಗುತ್ತದೆ. ಎಂದರೆ ಬಯಲುಸೀಮೆಯಿಂದ ಗೋವೆಯ ಬಂದರಿಗೆ ಇಳಿಯುವ ದಾರಿಗಳ ಬಾಯಿ ಇದು. ಖಾನಾಪುರದ ಹಲಸಿಯು ಪಲಾಶಿಕಾ ಎಂಬ ಹೆಸರಿನಲ್ಲಿ ಕದಂಬರ ಎರಡನೆಯ ರಾಜಧಾನಿ ಆಗಿದ್ದುದು, ಭೀಮಗಡದ ಬೆಟ್ಟದ ಮೇಲೆ ಕೋಟೆ ಎದ್ದದ್ದು, ಇಂಗ್ಲಿಷರ ಕಾಲದಲ್ಲಿ ಗೋವೆಯ ರೈಲು ಲೋಂಡಾದ ಮೂಲಕ ಬಂದದ್ದು ಎಲ್ಲಕ್ಕೂ ಕಾರಣ ಈ ಭೂಗೋಳವೇ.

ಆಟ ರೂಪಿಸುವವರಿಗೆ ಇಲ್ಲಿಯ ಮೊದಲ ಪಾಠ ಸಿಗುತ್ತದೆ. ಬರಿಯ ಎತ್ತರ, ಮರೆ, ಗೋಡೆ ಇವುಗಳಿಂದ ಒಂದು ಸ್ಥಳಕ್ಕೆ ಬೆಲೆ ಬರುವುದಿಲ್ಲ. ಅಲ್ಲಿಂದ ಎಲ್ಲಿಗೆ ಹೋಗಬಹುದು, ಅದು ಕೈತಪ್ಪಿದರೆ ಯಾವ ದಾರಿ ಮುಚ್ಚುತ್ತದೆ ಎಂಬುದರಿಂದ ಬೆಲೆ ಬರುತ್ತದೆ.

ಗಾವಾನನ ತಾಳ್ಮೆ

ಹದಿನೈದನೆಯ ಶತಮಾನಕ್ಕೆ ಬನ್ನಿ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ ಪರ್ಷಿಯಾದಿಂದ ಬಂದವನು, ಬೀದರಿನಲ್ಲಿ ಇಂದಿಗೂ ಕಾಣುವ ಮದರಸಾವನ್ನು ಕಟ್ಟಿಸಿದವನು. ದಖ್ಖನಿನ ಪ್ರತಿಯೊಂದು ಸೈನ್ಯಕ್ಕೂ ಆಗ ಕುದುರೆ ಬೇಕಾಗಿತ್ತು. ಒಳ್ಳೆಯ ಕುದುರೆಗಳು ಅರಬ್ಬಿ ದೇಶದಿಂದ, ಪರ್ಷಿಯಾದಿಂದ ಕಡಲ ಮೇಲೆ ಬರುತ್ತಿದ್ದವು. ಬಂದರು ಕೈಯಲ್ಲಿದ್ದವನಿಗೆ ಕುದುರೆ ಸಿಗುತ್ತಿತ್ತು, ಸುಂಕವೂ ಸಿಗುತ್ತಿತ್ತು. ಗೋವೆ ಆಗ ವಿಜಯನಗರದ ಕೈಯಲ್ಲಿತ್ತು.

ಗಾವಾನ್ ನೇರವಾಗಿ ಗೋವೆಯ ಮೇಲೆ ಬೀಳಲಿಲ್ಲ. ಮೊದಲು ಕೊಂಕಣದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿಯಲು ಹೊರಟ. ದಟ್ಟ ಕಾಡನ್ನು ಕಡಿಸಿ ದಾರಿ ಮಾಡಿಸಿದ. ಮಳೆಗಾಲ ಬಂದಾಗ ಹಟ ಹಿಡಿಯದೆ ಹಿಂದೆ ಸರಿದು ಕೊಲ್ಹಾಪುರದ ಬಳಿ ಗುಡಿಸಲು ಹಾಕಿಸಿ ಸೈನ್ಯವನ್ನು ಇಳಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮಳೆ ನಿಂತ ಮೇಲೆ ಮತ್ತೆ ಹೊರಟ. ಹೀಗೆ ವರ್ಷಗಳ ಸಿದ್ಧತೆಯ ಬಳಿಕ 1472ರಲ್ಲಿ ನೆಲದ ಮೇಲಿಂದಲೂ ಕಡಲಿನ ಮೇಲಿಂದಲೂ ನುಗ್ಗಿ ಗೋವೆಯನ್ನು ಹಿಡಿದ.

ಅಲ್ಲಿಗೆ ಮುಗಿಯಿತೇ? ಇಲ್ಲ. ಬೆಳಗಾವಿಯ ನಾಯಕನು ವಿಜಯನಗರದ ಪ್ರೇರಣೆಯಿಂದ ಗೋವೆಯನ್ನು ಮರಳಿ ಪಡೆಯಲು ಹವಣಿಸಿದ. ಘಟ್ಟದ ಮೇಲಿನ ಬೆಳಗಾವಿ ಎದುರಾಳಿಯ ಕೈಯಲ್ಲಿರುವವರೆಗೆ ಘಟ್ಟದ ಕೆಳಗಿನ ಗೋವೆ ನಿಜವಾಗಿ ತನ್ನದಲ್ಲ ಎಂಬುದು ಗಾವಾನನಿಗೆ ಗೊತ್ತಿತ್ತು. ಆದ್ದರಿಂದ ಗೋವೆಯ ಬೆನ್ನಿಗೇ ಬೆಳಗಾವಿಯ ಮುತ್ತಿಗೆ ಬಂತು. ಸುಲ್ತಾನ ಮೂರನೆಯ ಮುಹಮ್ಮದ್ ಷಾಹನೇ ದಂಡಿನೊಂದಿಗೆ ಬಂದ. ಫಿರಿಶ್ತಾ ಹೇಳುವಂತೆ, ಹಗಲು ಮುತ್ತಿಗೆದಾರರು ಕಂದಕವನ್ನು ತುಂಬುವುದು, ರಾತ್ರಿ ಕೋಟೆಯವರು ಅದನ್ನು ತೆಗೆದುಹಾಕುವುದು, ಹೀಗೆ ನಡೆಯಿತು. ಕೊನೆಗೆ ಗೋಡೆಯ ಅಡಿಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದರು. ದಖ್ಖನಿನಲ್ಲಿ ಮದ್ದಿನ ಸುರಂಗದ ಆರಂಭದ ಬಳಕೆಗಳಲ್ಲಿ ಇದೂ ಒಂದು. ಗೋಡೆ ಬಿರಿಯಿತು, ನಾಯಕ ಶರಣಾದ.

ಶರಣಾದ ನಾಯಕನನ್ನು ಸುಲ್ತಾನ ಕೊಲ್ಲಿಸಲಿಲ್ಲ, ತನ್ನ ಅಮೀರರ ಸಾಲಿಗೆ ಸೇರಿಸಿಕೊಂಡ ಎಂದೂ ಫಿರಿಶ್ತಾ ಹೇಳುತ್ತಾನೆ. ಇದು ದಯೆಯೊಂದೇ ಅಲ್ಲ, ಲೆಕ್ಕವೂ ಹೌದು. ಸ್ಥಳದ ದಾರಿ, ಜನ, ಕಂದಾಯ ಬಲ್ಲವನನ್ನು ಕೊಂದರೆ ಗೆದ್ದ ನಾಡನ್ನು ನಡೆಸುವವರು ಯಾರು?

ಈಗ ಹೇಳಿ, ಬೆಳಗಾವಿಯ ಕೋಟೆ ಎಲ್ಲಿ ಬಿತ್ತು? ಸುರಂಗ ಸಿಡಿದ ಗೋಡೆಯ ಬಳಿಯೇ? ಅಲ್ಲಿಯೂ ಹೌದು. ಆದರೆ ಕೊಂಕಣದ ಕಾಡು ಕಡಿದ ದಿನ, ಕೊಲ್ಹಾಪುರದ ಗುಡಿಸಲಿನಲ್ಲಿ ಮಳೆ ನಿಲ್ಲಲಿ ಎಂದು ಕಾದ ದಿನ ಅದರ ಪತನ ಆರಂಭವಾಗಿತ್ತು. ಗುಂಡಿನ ಆಟದಲ್ಲಿ ಮಳೆ ಬರಿಯ ಅಲಂಕಾರ. ಮಹಾವ್ಯೂಹದಲ್ಲಿ ಮಳೆ ಒಬ್ಬ ಸೇನಾಪತಿ.

ಮೂರು ಕಡೆಯ ತಕ್ಕಡಿ

1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಬೆಳಗಾವಿ ಬಿಜಾಪುರದ ಸರದಾರ ಅಸದ್ ಖಾನ್ ಲಾರಿಯ ಕೈಗೆ ಬಂತು. ಕೋಟೆಯೊಳಗಿನ ಸಫಾ ಮಸೀದಿ 1519ರಲ್ಲಿ ಕಟ್ಟಿಸಿದ್ದು. 1549ರಲ್ಲಿ ಸಾಯುವವರೆಗೆ ಈತ ದಖ್ಖನಿನ ರಾಜಕೀಯದಲ್ಲಿ ಎಲ್ಲರೂ ಲೆಕ್ಕಕ್ಕೆ ಹಿಡಿಯಲೇಬೇಕಾದ ವ್ಯಕ್ತಿಯಾಗಿದ್ದ. ಬಿಜಾಪುರದ ಸುಲ್ತಾನನಿಗೆ ಈತನ ಮೇಲೆ ಸಂಶಯ, ಆದರೆ ಈತನಿಲ್ಲದೆ ನಡೆಯದು. ಅಹಮದ್‌ನಗರಕ್ಕೆ ಈತ ತಮ್ಮ ಕಡೆ ಬರಲಿ ಎಂಬ ಆಸೆ. ವಿಜಯನಗರಕ್ಕೂ, ಗೋವೆಯ ಪೋರ್ಚುಗೀಸರಿಗೂ ಈತನ ಒಲವು ಬೇಕು.

ಸೈನ್ಯದಿಂದಲೇ ಎಲ್ಲವೂ ತೀರ್ಮಾನ ಆಗುವುದಾದರೆ ಒಬ್ಬ ಗಡಿಯ ಸರದಾರನಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ. ಮೂರು ನಾಲ್ಕು ರಾಜ್ಯಗಳು ಒಂದನ್ನೊಂದು ತೂಗುತ್ತಿರುವಾಗ ನಡುವೆ ನಿಂತ ಚಿಕ್ಕ ತೂಕವೇ ತಕ್ಕಡಿಯನ್ನು ಓಲಿಸುತ್ತದೆ. ಕೌಟಿಲ್ಯನ ಏಳನೆಯ ಅಂಗವಾದ ಮಿತ್ರನ ಮಹಿಮೆ ಇದು.

ಆಟಗಾರರು ಇದನ್ನು ಸ್ವಂತ ಅನುಭವದಿಂದ ಬಲ್ಲರು. ಎರಡೇ ಪಕ್ಷಗಳಿರುವ ದೊಡ್ಡ ಆಟದಲ್ಲಿ ಒಂದು ಪಕ್ಷ ಸ್ವಲ್ಪ ಮುಂದಾದರೆ ಅದಕ್ಕೆ ಇನ್ನಷ್ಟು ನೆಲ, ಇನ್ನಷ್ಟು ಆಯುಧ, ಮತ್ತೆ ಇನ್ನಷ್ಟು ಗೆಲುವು. ಸೋತ ಪಕ್ಷದವರು ಬೇಸತ್ತು ಆಟ ಬಿಡುತ್ತಾರೆ. 2003ರ ಪ್ಲಾನೆಟ್‌ಸೈಡ್ ಮತ್ತು 2012ರ ಪ್ಲಾನೆಟ್‌ಸೈಡ್ 2 ಎಂಬ ಆಟಗಳು ಮೂರು ಪಕ್ಷಗಳನ್ನು ಇಟ್ಟುಕೊಂಡವು. ಒಬ್ಬ ಬಲಿತರೆ ಉಳಿದಿಬ್ಬರು ಅವನ ಮೇಲೆ ತಿರುಗಬಹುದು. ಎರಡನೆಯ ಆಟದಲ್ಲಿ 2015ರ ಜನವರಿಯಲ್ಲಿ 1158 ಜನ ಒಂದೇ ಕಾಳಗದಲ್ಲಿ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಸಂಖ್ಯೆ ಬೆಳೆಯಿತು, ತಕ್ಕಡಿಯೂ ಬಂತು. ಆದರೆ ಕೋಶ ಮತ್ತು ಜನಪದದ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ನಾವು 1818ಕ್ಕೆ ಹೋಗಬೇಕು.

ಇಪ್ಪತ್ತೊಂದು ದಿನಗಳು

ಮೂರನೆಯ ಆಂಗ್ಲೋ-ಮರಾಠಾ ಯುದ್ಧ. ಪೇಶ್ವೆ ಎರಡನೆಯ ಬಾಜೀರಾಯನ ನಾಡು ಇಲ್ಲಿಯವರೆಗೆ ಹಬ್ಬಿತ್ತು. ಕಂಪನಿಯ ಕಡೆಯಿಂದ ಈ ಸೀಮೆಗೆ ಬಂದವನು ಥಾಮಸ್ ಮನ್ರೋ. ಅವನ ಬಳಿ ಇದ್ದ ಕ್ರಮಬದ್ಧ ಸೈನ್ಯ ತೀರ ಸಣ್ಣದು. ಆದರೆ ಬಳ್ಳಾರಿ, ಕಡಪ ಸೀಮೆಗಳಲ್ಲಿ ವರ್ಷಗಟ್ಟಲೆ ಕಂದಾಯದ ಕೆಲಸ ಮಾಡಿದ ಅವನಿಗೆ ಹಳ್ಳಿ ಎಂದರೇನು ಎಂಬುದು ಗೊತ್ತಿತ್ತು.

ಅವನು ಮಾಡಿದ್ದನ್ನು ನೋಡಿ. ಕೋಟೆಗಳಿಗಿಂತ ಮೊದಲು ಹಳ್ಳಿಗಳಿಗೆ ಕೈ ಹಾಕಿದ. ಎದುರಾಳಿಯ ಕೈಯಲ್ಲಿ ಇನ್ನೂ ಇದ್ದ ಸೀಮೆಗಳಿಗೆ ತನ್ನ ಅಮಲ್ದಾರರನ್ನು ನೇಮಿಸಿ, ಸ್ಥಳೀಯ ಪ್ಯಾದೆಗಳನ್ನು ಕೊಟ್ಟು ಕಳುಹಿಸಿದ. ಅವರು ಹಳ್ಳಿಗಳನ್ನು ವಶಕ್ಕೆ ತೆಗೆದುಕೊಂಡು ಕಂದಾಯ ಎತ್ತತೊಡಗಿದರು. ಹೀಗೆ ಎದುರಾಳಿಯ ಬೊಕ್ಕಸಕ್ಕೆ ಹೋಗಬೇಕಾದ ಹಣವೇ ಎದುರಾಳಿಯ ಮೇಲಿನ ಯುದ್ಧಕ್ಕೆ ಬಂತು. ಗದಗ, ದಂಬಳ, ಹುಬ್ಬಳ್ಳಿ, ಬಾದಾಮಿ, ಬಾಗಲಕೋಟೆ ಒಂದರ ಹಿಂದೊಂದು ಅವನ ವಶವಾದವು. ಮಾರ್ಚ್ ತಿಂಗಳಲ್ಲಿ ಅವನು ಬೆಳಗಾವಿಯ ಮುಂದೆ ಬಂದು ನಿಂತ.

ಕೋಟೆಯೊಳಗೆ 1600 ಜನ ಕಾವಲಿನವರು ಇದ್ದರು. ತೋಪುಗಳೂ ಸಾಕಷ್ಟಿದ್ದವು. ಮುತ್ತಿಗೆ 21 ದಿನ ನಡೆಯಿತು. ಏಪ್ರಿಲ್ 10ರಂದು ಕೋಟೆ ಶರಣಾಯಿತು. ಈಗ ಸತ್ತವರ ಲೆಕ್ಕ ಕೇಳಿ. ಕೋಟೆಯವರಲ್ಲಿ 20 ಜನ ಸತ್ತರು, 50 ಜನ ಗಾಯಗೊಂಡರು. ಇಂಗ್ಲಿಷರ ಕಡೆ 11 ಜನ ಸತ್ತರು, 12 ಜನ ಗಾಯಗೊಂಡರು.

ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಿ. 1600 ಜನರಲ್ಲಿ 1580 ಜನ ಬದುಕಿದ್ದಾಗಲೇ ಕೋಟೆ ಬಿತ್ತು. ನಿಮ್ಮ ಆಟದ ನಿಯಮದಂತೆ ಇದು ಸೋಲೇ ಅಲ್ಲ, ಆಟ ಆಗ ತಾನೇ ಆರಂಭವಾಗಿದೆ! ಹಾಗಾದರೆ ಅವರು ಏಕೆ ಬಾಗಿಲು ತೆರೆದರು? ಅವರನ್ನು ಹೇಡಿಗಳೆಂದು ಕರೆಯುವುದು ಸುಲಭ, ಆದರೆ ಅದು ಇತಿಹಾಸ ಓದುವ ಕ್ರಮವಲ್ಲ. ಫೆಬ್ರವರಿಯಲ್ಲೇ ಸಾತಾರಾ ಇಂಗ್ಲಿಷರ ವಶವಾಗಿತ್ತು. ಅದೇ ತಿಂಗಳು ಅಷ್ಟಿಯ ಕಾಳಗದಲ್ಲಿ ಪೇಶ್ವೆಯ ಸೇನಾಪತಿ ಬಾಪು ಗೋಖಲೆ ಮಡಿದಿದ್ದ. ಪೇಶ್ವೆ ಊರಿಂದ ಊರಿಗೆ ಓಡುತ್ತಿದ್ದ. ಸುತ್ತಲಿನ ಸೀಮೆಯ ಕಂದಾಯ ಮನ್ರೋನ ಕೈ ಸೇರಿತ್ತು. ಒಡೆಯನಿಲ್ಲ, ನಾಡಿಲ್ಲ, ಬೊಕ್ಕಸವಿಲ್ಲ, ನೆರವಿಗೆ ಬರುವ ಮಿತ್ರನಿಲ್ಲ. ಉಳಿದದ್ದು ಗೋಡೆ ಮತ್ತು ಬಂದೂಕು. ಏಳರಲ್ಲಿ ಐದು ಅಂಗಗಳು ಹೋದ ಮೇಲೆ ಎರಡು ಅಂಗಗಳಿಂದ ಎಷ್ಟು ದಿನ? ಇಪ್ಪತ್ತೊಂದು ದಿನ.

ಬಂಡಿ ಹೊಡೆಯುವವನು ಯಾರು?

ಇದನ್ನೆಲ್ಲ ಆಟದೊಳಗೆ ತರಲು ಸಾಧ್ಯವೇ? ಪ್ರಯತ್ನಗಳು ನಡೆದಿವೆ. 2001ರಲ್ಲಿ ಬಂದ ವರ್ಲ್ಡ್ ವಾರ್ ಟೂ ಆನ್‌ಲೈನ್ ಎಂಬ ಆಟದಲ್ಲಿ ವಾರಗಟ್ಟಲೆ ನಡೆಯುವ ಒಂದೇ ಯುದ್ಧವಿತ್ತು. ಎಲ್ಲಿ ದಾಳಿ ಮಾಡಬೇಕೆಂದು ಆಟಗಾರರಲ್ಲೇ ಕೆಲವರು ಮೇಲಧಿಕಾರಿಗಳಾಗಿ ತೀರ್ಮಾನಿಸುತ್ತಿದ್ದರು. 2013ರ ಡಸ್ಟ್ 514 ಎಂಬ ಶೂಟರ್ ಆಟವನ್ನು ಈವ್ ಆನ್‌ಲೈನ್ ಎಂಬ ಬೇರೊಂದು ದೊಡ್ಡ ರಾಜ್ಯತಂತ್ರದ ಆಟಕ್ಕೆ ಜೋಡಿಸಿದ್ದರು. ಮೇಲೆ ನೌಕೆಯಲ್ಲಿ ಇರುವವರು ಒಂದು ಆಟದವರು, ಕೆಳಗೆ ನೆಲದ ಮೇಲೆ ಕಾದಾಡುವವರು ಇನ್ನೊಂದು ಆಟದವರು. ಕಲ್ಪನೆ ದೊಡ್ಡದು, ಆದರೆ 2016ರಲ್ಲಿ ಅದು ಮುಚ್ಚಿಹೋಯಿತು.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 2022ರಲ್ಲಿ ಪೂರ್ಣರೂಪದಲ್ಲಿ ಬಂದ ಫಾಕ್ಸ್‌ಹೋಲ್. ಅದರಲ್ಲಿ ಒಂದು ಯುದ್ಧ ವಾರಗಟ್ಟಲೆ ನಡೆಯುತ್ತದೆ. ಒಂದೊಂದು ಗುಂಡೂ, ಒಂದೊಂದು ಅಂಗಿಯೂ ಯಾರೋ ಒಬ್ಬ ಆಟಗಾರ ಗಣಿಯಿಂದ ಕಚ್ಚಾ ವಸ್ತು ತೆಗೆದು, ಕಾರ್ಖಾನೆಯಲ್ಲಿ ಮಾಡಿಸಿ, ಲಾರಿಯಲ್ಲಿ ಹೊತ್ತು ತಂದದ್ದೇ ಆಗಿರುತ್ತದೆ. 2022ರ ಜನವರಿಯಲ್ಲಿ ಅಲ್ಲೊಂದು ಸ್ವಾರಸ್ಯದ ಸಂಗತಿ ನಡೆಯಿತು. ಸಾಮಾನು ಸಾಗಿಸುವ ಆಟಗಾರರು ತಮ್ಮ ಕೆಲಸ ವಿಪರೀತ ಬೇಸರದ್ದು, ಅದನ್ನು ಸುಧಾರಿಸಿ ಎಂದು ಆಟ ಮಾಡಿದವರನ್ನು ಒತ್ತಾಯಿಸಿ ಮುಷ್ಕರ ಹೂಡಿದರು!

ನಗಬೇಡಿ. ಆ ಮುಷ್ಕರದಲ್ಲಿ ಒಂದು ದೊಡ್ಡ ಸತ್ಯವಿದೆ. ಮಹಾವ್ಯೂಹದ ಆಳ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಂಡಿ ಹೊಡೆಯಲು ಯಾರಿಗೂ ಇಷ್ಟವಿಲ್ಲ. ಎಲ್ಲರಿಗೂ ಬುರುಜಿನ ಮೇಲೆ ನಿಲ್ಲುವ ಆಸೆ. ಮನ್ರೋನ ತೋಪುಗಳು ಬೆಳಗಾವಿಗೆ ತಾವಾಗಿ ನಡೆದು ಬರಲಿಲ್ಲ. ಕರಿಯ ಎರೆಮಣ್ಣಿನ ದಾರಿಯಲ್ಲಿ ಎತ್ತುಗಳು ಎಳೆದು ತಂದವು. ಆ ಎತ್ತು ಹೊಡೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆಟದಲ್ಲಾದರೂ, ಇತಿಹಾಸದಲ್ಲಾದರೂ, ಅವರ ಕೆಲಸಕ್ಕೆ ಮಾನ ಕೊಡದ ಮಹಾವ್ಯೂಹ ನಿಲ್ಲುವುದಿಲ್ಲ. ಆದ್ದರಿಂದ ಆಟ ರೂಪಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಬಂಡಿಯವನ ಕೆಲಸದಲ್ಲಿ ಬುದ್ಧಿಗೆ, ಧೈರ್ಯಕ್ಕೆ, ಆಯ್ಕೆಗೆ ಜಾಗವಿದೆಯೇ? ಯಾವ ದಾರಿ ಹಿಡಿಯಲಿ, ರಾತ್ರಿ ಹೋಗಲೇ, ಅರ್ಧ ಸಾಮಾನು ಇಲ್ಲಿ ಬಚ್ಚಿಡಲೇ ಎಂದು ಅವನು ಯೋಚಿಸುವಂತಾದರೆ ಅವನೂ ಒಬ್ಬ ಆಟಗಾರ. ಇಲ್ಲವಾದರೆ ಅವನು ಬಿಟ್ಟಿ ಚಾಕರಿಯವನು.

ಒಂದು ಗೆಲುವು, ಒಂದು ಸೋಲು

ಇನ್ನೊಂದು ಪಾಠ ಬಾಕಿ ಇದೆ. 1818ರಲ್ಲಿ ಮನ್ರೋ ಬೆಳಗಾವಿಯನ್ನು ಮುತ್ತಿದಾಗ ಕಿತ್ತೂರಿನ ದೇಸಾಯಿ ಅವನಿಗೆ ನೆರವಾಗಿದ್ದ. ಆರೇ ವರ್ಷಗಳ ಬಳಿಕ, 1824ರಲ್ಲಿ, ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಅದೇ ಕಂಪನಿ ಅವನ ದತ್ತುಪುತ್ರನನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದ. ರಾಣಿ ಚೆನ್ನಮ್ಮನ ಸೈನ್ಯ ಆ ದಿನ ಪೂರ್ಣವಾಗಿ ಗೆದ್ದಿತು. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು.

ಗುಂಡಿನ ಆಟವಾಗಿದ್ದರೆ ಇಲ್ಲಿಗೆ ತೆರೆ ಬೀಳುತ್ತಿತ್ತು. ಆದರೆ ಕಂಪನಿಗೆ ಸುತ್ತಲಿನ ಎಲ್ಲ ಕಡೆಯಿಂದ ಮತ್ತೆ ಪಡೆ ತರಿಸುವ ಬಲವಿತ್ತು, ಕಿತ್ತೂರಿಗೆ ನೆರವಿಗೆ ಬರುವ ರಾಜ್ಯ ಉಳಿದಿರಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲಿ ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡಳು. ಕಾಳಗವನ್ನು ಗೆಲ್ಲುವುದು ಬೇರೆ, ಯುದ್ಧವನ್ನು ಗೆಲ್ಲುವುದು ಬೇರೆ. ಅಂದಿನ ಗೆಲುವಿನ ಹೊಳಪು ಇದರಿಂದ ಕಡಿಮೆ ಆಗುವುದಿಲ್ಲ. ಅದು ಎಷ್ಟು ಕಠಿಣವಾದ ಲೆಕ್ಕದ ಎದುರು ಪಡೆದ ಗೆಲುವು ಎಂಬುದು ಇದರಿಂದ ತಿಳಿಯುತ್ತದೆ.

ಕೋಟೆ ಹೋದ ಮೇಲೆ ಏನು ಉಳಿಯಿತು? ಜನಪದ ಉಳಿಯಿತು. ಸಂಗೊಳ್ಳಿ ರಾಯಣ್ಣ ಅದನ್ನೇ ಹಿಡಿದ. ಕೋಟೆಯಿಲ್ಲ, ತೋಪಿಲ್ಲ, ಬೊಕ್ಕಸವಿಲ್ಲ. ಖಾನಾಪುರದ ಕಾಡೇ ಅವನ ದುರ್ಗ, ಅನ್ನ ಕೊಡುವ ಹಳ್ಳಿಗಳೇ ಅವನ ಕೋಶ, ಕಿತ್ತೂರಿನ ದತ್ತುಪುತ್ರನ ಹೆಸರೇ ಅವನ ಸ್ವಾಮಿ. ಅವನ ಪಡೆ ಬೀಡಿಯಂಥ ಊರುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಸುಟ್ಟಿತು. ಸಿಪಾಯಿಗಳನ್ನು ಬಿಟ್ಟು ಕಾಗದಪತ್ರಗಳಿಗೆ ಬೆಂಕಿ ಏಕೆ? ಕಂಪನಿಯ ಬೇರು ಬಂದೂಕಿಗಿಂತ ಕಂದಾಯದ ಲೆಕ್ಕದಲ್ಲಿ ಆಳವಾಗಿದೆ ಎಂಬುದು ಅವನಿಗೆ ತಿಳಿದಿತ್ತು. ಮನ್ರೋ ಕಂದಾಯದಿಂದ ಕಟ್ಟಿದ್ದನ್ನು ರಾಯಣ್ಣ ಅಲ್ಲಿಂದಲೇ ಕೆಡವಲು ಹೊರಟ.

ಬೆನ್ನಟ್ಟಿ ಹಿಡಿಯಲು ಸುಲಭವಾಗಿ ಸಿಗದವನನ್ನು 1830ರಲ್ಲಿ ಸಂಚಿನಿಂದ ಹಿಡಿದರು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ನೇಣಿಗೇರಿಸಿದರು. ಅಲ್ಲಿ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಜನ ಕೈಮುಗಿಯುತ್ತಾರೆ.

ನೀವು ಮಾಡಬಹುದಾದದ್ದು

ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರಿಂಗ್ ಓದುವಿರಿ, ಆಟಗಳನ್ನು ರೂಪಿಸುವ ಉದ್ಯೋಗಕ್ಕೂ ಹೋಗುವಿರಿ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದೂ ಇದೇ ಬೆಳಗಾವಿಯಲ್ಲಿ. ಆಗ ಈ ಕೋಟೆ ಹೇಳಿದ ನಾಲ್ಕು ಮಾತುಗಳನ್ನು ನೆನಪಿಡಿ. ಸ್ಥಳಕ್ಕೆ ಬೆಲೆ ಬರುವುದು ದಾರಿಯಿಂದ. ಕಾಲ ಮತ್ತು ಋತುವಿಗೂ ಆಟದಲ್ಲಿ ಪಾತ್ರವಿರಲಿ. ಎಲ್ಲ ಕಾಳಗವೂ ಕೊನೆಯ ಮನುಷ್ಯನವರೆಗೆ ನಡೆಯಬೇಕಾಗಿಲ್ಲ, ಮಾನದಿಂದ ಬಾಗಿಲು ತೆರೆಯುವ ಅವಕಾಶವೂ ಇರಲಿ. ಬಂಡಿಯವನನ್ನು ಮರೆಯಬೇಡಿ.

ಆಟವನ್ನು ಆಡುವವರಾಗಿಯೇ ಉಳಿಯುವವರಿಗೂ ಒಂದು ಮಾತು. ಆಟ ಆಡುವುದು ತಪ್ಪಲ್ಲ. ಆದರೆ ಗುಂಡಿಗೆ ಬಿದ್ದವನು ಗುಂಡಿ ಒತ್ತಿದೊಡನೆ ಎದ್ದು ಬರುವ ಲೋಕದಲ್ಲೇ ಬಹಳ ಹೊತ್ತು ಇದ್ದರೆ ಯುದ್ಧವೆಂದರೆ ಗುರಿ ಮತ್ತು ವೇಗ ಮಾತ್ರ ಎಂಬ ಭ್ರಮೆ ಹುಟ್ಟೀತು. ನಾಳೆ ನೀವು ಮತದಾರರಾಗುವಿರಿ. ಜಗತ್ತಿನ ಎಲ್ಲೋ ಒಂದು ಕಡೆ ಯುದ್ಧ ಎಂಬ ಸುದ್ದಿ ಬಂದಾಗ ಯಾರು ಯಾರಿಗೆ ಹೊಡೆದರು ಎಂಬುದನ್ನು ಮಾತ್ರ ಕೇಳಬೇಡಿ. ಬಂದರು ಯಾರದು, ಹಣ ಎಲ್ಲಿಂದ, ಮಿತ್ರರು ಯಾರು, ರೈತನ ಹೊಲ ಏನಾಯಿತು ಎಂದೂ ಕೇಳಿ. ಇಂಥ ಪ್ರಶ್ನೆಗಳನ್ನು ಕೇಳಬಲ್ಲ ಪ್ರಜೆಯನ್ನು ಮೋಸಗೊಳಿಸುವುದು ಕಷ್ಟ.

ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ಬೆಳಗಾವಿ ಕೋಟೆಯ ಗೋಡೆಯ ಮೇಲೆ ನಿಂತು ಕಂದಕವನ್ನು ನೋಡಿ. ಬಳಿಕ ಬಸ್ಸು ಹಿಡಿದು ಖಾನಾಪುರಕ್ಕೆ, ಅಲ್ಲಿಂದ ನಂದಗಡಕ್ಕೆ ಹೋಗಿ. ಕೈಯಲ್ಲಿ ಒಂದು ಹಾಳೆ ಇರಲಿ. ದಾರಿಯುದ್ದಕ್ಕೂ ಕಾಣುವ ಹೊಳೆ, ಕಾಡು, ಘಟ್ಟದ ಇಳಿಜಾರು, ಸಂತೆಯ ಊರುಗಳನ್ನು ಗುರುತು ಹಾಕಿಕೊಳ್ಳಿ. ನಂದಗಡದ ಆಲದ ನೆರಳಿನಲ್ಲಿ ಕುಳಿತು ಆ ಹಾಳೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಕೋಟೆ ಒಂದು ಚುಕ್ಕೆಯಷ್ಟೇ ಇರುತ್ತದೆ. ಅದನ್ನು ಉಳಿಸಿದ್ದೂ, ಕಳೆದದ್ದೂ ಆ ಚುಕ್ಕೆಯ ಸುತ್ತಲಿನ ಬಿಳಿಯ ಜಾಗ ಎಂಬುದು ಆಗ ನಿಮಗೇ ಕಾಣುವುದು.